ಬೆರಳು ಒಂದು ಸಾಲಿನಲ್ಲಿ, ದನಿ ಇನ್ನೊಂದು ಸಾಲಿನಲ್ಲಿ

ಜೂನ್ ತಿಂಗಳ ಎರಡನೇ ವಾರ, ಹಿಂದಿನ ವರ್ಷದ ಕಲಿಕೆಯನ್ನು ಮರಳಿ ನೋಡುವ ಸೇತುಬಂಧದ ದಿನಗಳು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವ ನಮ್ಮ ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ಕೋಣೆಯಲ್ಲಿ, ಆಗಷ್ಟೇ ಮೂರನೇ ಇಯತ್ತೆಗೆ ಬಂದಿದ್ದ ಹುಡುಗಿಯೊಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹಿಂದಿನ ವರ್ಷದ ಒಂದು ಪಾಠವನ್ನು ಓದಿಸುತ್ತಿದ್ದೆ. ದನಿ ಗಟ್ಟಿಯಾಗಿತ್ತು, ತಡವರಿಕೆ ಇರಲಿಲ್ಲ, ವಾಕ್ಯ ಮುಗಿದಲ್ಲಿ ಸರಿಯಾಗಿ ನಿಲ್ಲುತ್ತಲೂ ಇದ್ದಳು. ಸಾಲಿನಡಿ ಬೆರಳಿಟ್ಟು ಓದುವ ರೂಢಿಯನ್ನು ಹಾಕಿಕೊಟ್ಟವಳು ನಾನೇ ಆದ್ದರಿಂದ ನನ್ನ ಕಣ್ಣು ಆ ಬೆರಳಿನ ಮೇಲಿತ್ತು. ಬೆರಳು ಮೂರನೇ ಸಾಲಿನ ನಡುವೆ ಇದ್ದಾಗ ಅವಳ ಬಾಯಿ ಐದನೇ ಸಾಲನ್ನು ಹೇಳುತ್ತಿತ್ತು. ನಾನು ಪುಸ್ತಕವನ್ನು ಮುಚ್ಚಿದೆ. ಅವಳು ನಿಲ್ಲಲಿಲ್ಲ, ಪಾಠ ಮುಗಿಯುವವರೆಗೂ ಹೇಳಿ, "ಆತ್ರೀ ಅಕ್ಕೋರ" ಎಂದು ನನ್ನ ಮುಖ ನೋಡಿದಳು.

ಅದೇ ಪಾಠದ ಹತ್ತು ಪದಗಳನ್ನು ಹಿಂದುಮುಂದಾಗಿ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮೂರನ್ನು ಓದಿದಳು. ಉಳಿದವುಗಳ ಮೊದಲ ಅಕ್ಷರ ನೋಡಿ ಊಹಿಸಿದಳು, ಊಹೆ ಸರಿಯಾಗದು ಎಂದು ತಿಳಿದಾಗ ಚೀಟಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು.

ಮಾರ್ಚ್ ತಿಂಗಳ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಕಥೆ' ಎಂದು ಬರೆದಿತ್ತು. ಅಂದರೆ ಎರಡನೇ ಇಯತ್ತೆಯ ಮಟ್ಟದ ಕಥೆಯನ್ನು ಓದಬಲ್ಲಳು ಎಂದರ್ಥ. ಅದನ್ನು ಬರೆದವಳೂ ನಾನೇ. ವರ್ಷದ ಕೊನೆಯ ವಾರ, ಮೂರು ಇಯತ್ತೆಗಳ 26 ಮಕ್ಕಳು, ಒಬ್ಬಳೇ ಶಿಕ್ಷಕಿ, ಸಂಜೆಯೊಳಗೆ ಪಟ್ಟಿ ಹೋಗಬೇಕೆಂಬ ಸಂದೇಶ. ಇದೆಲ್ಲ ಕಾರಣವಾಗಬಹುದು, ಆದರೆ ಆ ಒಂದು ಪದದಿಂದಾಗಿ ಅವಳಿಗೆ ಸಿಗಬೇಕಿದ್ದ ಸಹಾಯ ಮೂರು ತಿಂಗಳು ತಡವಾಯಿತು ಎಂಬುದು ಬದಲಾಗುವುದಿಲ್ಲ. ಮಕ್ಕಳ ಓದನ್ನು ಅಳೆಯುವುದೆಂದರೇನು, ಅಳೆದದ್ದನ್ನು ಮರುದಿನದ ಪಾಠಕ್ಕೆ ಹೇಗೆ ತರಬೇಕು ಎಂದು ನಾನು ನಿಜವಾಗಿ ಯೋಚಿಸಲು ಆರಂಭಿಸಿದ್ದು ಅಂದಿನಿಂದ.

ಅಕ್ಷರ, ಪದ, ಪರಿಚ್ಛೇದ, ಕಥೆ ಎಂಬ ನಾಲ್ಕು ಮೆಟ್ಟಿಲುಗಳ ಈ ಅಳತೆ ಪ್ರಥಮ್ ಸಂಸ್ಥೆಯ 'ಅಸರ್' ಸಮೀಕ್ಷೆಯಿಂದ ನಮ್ಮ ಶಾಲೆಗಳಿಗೆ ಪರಿಚಿತವಾದದ್ದು. 2005ರಲ್ಲಿ ಆರಂಭವಾದ ಆ ಸಮೀಕ್ಷೆಯಲ್ಲಿ ಸ್ವಯಂಸೇವಕರು ಹಳ್ಳಿಯ ಮನೆಗಳಿಗೆ ಹೋಗಿ, ಒಂದೊಂದೇ ಮಗುವಿನ ಮುಂದೆ ಒಂದು ಹಾಳೆ ಹಿಡಿದು ಓದಿಸುತ್ತಾರೆ. ಶಾಲೆಗೆ ಬರುವುದೇ ಕಲಿಯುವುದು ಎಂಬ ನಂಬಿಕೆಯನ್ನು ಅದು ಅಲುಗಾಡಿಸಿತು. ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮಕ್ಕಳ ಪ್ರಮಾಣ ಗ್ರಾಮೀಣ ಭಾರತದಲ್ಲಿ 2018ರಲ್ಲಿ ಶೇ 27.3ರಷ್ಟಿದ್ದುದು 2022ರಲ್ಲಿ ಶೇ 20.5ಕ್ಕೆ ಇಳಿದು, 2024ರಲ್ಲಿ ಮತ್ತೆ ಶೇ 27.1ಕ್ಕೆ ಬಂದಿತು. ಆ ಇಳಿಕೆಯ ಹಿಂದೆ ಏನಿತ್ತು ಎಂಬುದು ನಮಗೆಲ್ಲ ಗೊತ್ತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳ ಬಾಗಿಲು ನಮ್ಮ ರಾಜ್ಯದಲ್ಲಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟೂ ತಿಂಗಳು ಕಪ್ಪುಹಲಗೆಯನ್ನೇ ನೋಡದೆ ಎರಡನೇ ಇಯತ್ತೆಗೆ ಬಂದು ಕುಳಿತ ಮಕ್ಕಳಿಗೆ ನಾನು ಪಾಠ ಮಾಡಿದ್ದೇನೆ.

ಈ ಅಂಕಿಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ರಾಜ್ಯ ಎಲ್ಲಿದೆ, ಜಿಲ್ಲೆ ಎಲ್ಲಿದೆ, ಹಣ ಮತ್ತು ತರಬೇತಿ ಎಲ್ಲಿಗೆ ಹೋಗಬೇಕು ಎಂಬುದನ್ನು ತಿಳಿಯಲು ನಾಲ್ಕು ಮೆಟ್ಟಿಲು ಸಾಕು. ನಾಳೆ ಬೆಳಿಗ್ಗೆ ಹತ್ತೂವರೆಗೆ ಈ ಹುಡುಗಿಗೆ ನಾನೇನು ಕಲಿಸಬೇಕು ಎಂಬ ಪ್ರಶ್ನೆಗೆ ಮಾತ್ರ ಅವು ಉತ್ತರ ಕೊಡುವುದಿಲ್ಲ, ಏಕೆಂದರೆ ಕನ್ನಡದಲ್ಲಿ 'ಅಕ್ಷರ' ಎಂಬ ಮೆಟ್ಟಿಲಿಗೂ 'ಪದ' ಎಂಬ ಮೆಟ್ಟಿಲಿಗೂ ನಡುವಿನ ದಾರಿಯೇ ತುಂಬ ಉದ್ದ. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರಗಳು. ಅಲ್ಲಿಗೆ ಮುಗಿಯಿತೇ ಎಂದರೆ ಕಾಗುಣಿತದಿಂದ ನಾನೂರಕ್ಕೂ ಹೆಚ್ಚು ರೂಪಗಳು, ಅವುಗಳ ಕೆಳಗೆ ಒತ್ತಕ್ಷರಗಳು. ಕನ್ನಡ ಮಾಧ್ಯಮದ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷಿನಂತಹ ವರ್ಣಮಾಲೆಗಳ ಅಕ್ಷರ ಕಲಿಕೆಗೆ ಹೋಲಿಸಿದರೆ ನಮ್ಮ ಅಕ್ಷರಗಳ ಕಲಿಕೆ ನಿಧಾನವಾಗಿ ಸಾಗಿ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ತೋರಿಸಿತು. ಅದನ್ನು ತಿಳಿದ ದಿನ ನನಗೆ ದೊಡ್ಡ ಸಮಾಧಾನವಾಯಿತು. ಎರಡನೇ ಇಯತ್ತೆಯ ಕೊನೆಗೆ ಒತ್ತಕ್ಷರದಲ್ಲಿ ತೊಡರುವ ಮಗು ದಡ್ಡ ಮಗು ಅಲ್ಲ. ಅದು ದಾರಿಯ ನಡುವೆ ಇದೆ, ಅಷ್ಟೇ. ಆದರೆ ದಾರಿಯ ಯಾವ ತಿರುವಿನಲ್ಲಿದೆ ಎಂಬುದನ್ನು ನಾನು ತಿಳಿದುಕೊಂಡಿರಲೇಬೇಕು.

ನಲಿ-ಕಲಿ ಪದ್ಧತಿ ಹುಟ್ಟಿದ್ದೇ ಈ ತಿಳಿವಳಿಕೆಯಿಂದ ಎನ್ನಬಹುದು. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು ಕಟ್ಟಿದ ಈ ಪದ್ಧತಿ 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದಿತು. ಅ ಆ ಇ ಈ ಎಂಬ ಕ್ರಮವನ್ನು ಬಿಟ್ಟು ರ ಗ ಸ ದ ಅ ಎಂದು ಆರಂಭಿಸುವುದರಿಂದ ಮೊದಲ ವಾರಗಳಲ್ಲಿಯೇ ಮಗು 'ಅರಸ', 'ಸರ', 'ದರ' ಎಂದು ಪದ ಓದುತ್ತದೆ. ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ, ಶಿಕ್ಷಕರ ಸಹಾಯ ಪೂರ್ತಿ ಬೇಕಾದ ತಟ್ಟೆಯಿಂದ ಹಿಡಿದು ಸ್ವಕಲಿಕೆಯ ತಟ್ಟೆಯವರೆಗೆ ಐದು ತಟ್ಟೆಗಳಿವೆ (ತಟ್ಟೆ ಎಂದರೆ ಮಕ್ಕಳು ಕೂರುವ ಗುಂಪು), ಗೋಡೆಯ ಮೇಲೆ ಪ್ರಗತಿ ನೋಟವಿದೆ. ಮಗು ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದಲೇ ಕಲಿಸು ಎಂಬುದು ಅದರ ಜೀವ. ಆದರೆ ಮೆಟ್ಟಿಲನ್ನು ಗುರುತಿಸುವುದು ಶಿಕ್ಷಕರ ಕಿವಿ. ಕಿವಿ ತಪ್ಪಿದರೆ ಏಣಿ ಎಷ್ಟು ಚೆನ್ನಾಗಿದ್ದರೂ ಮಗು ತನ್ನದಲ್ಲದ ಮೆಟ್ಟಿಲಿನ ಮೇಲೆ ನಿಂತಿರುತ್ತದೆ.

ಆ ಜೂನ್‌ನಿಂದ ನಾನು ಪ್ರತಿ ಮಗುವಿಗೂ ಒಂದು ಹಾಳೆ ಇಡಲು ಆರಂಭಿಸಿದೆ. ನ್ಯೂಜಿಲೆಂಡಿನ ಶಿಕ್ಷಣ ತಜ್ಞೆ ಮೇರಿ ಕ್ಲೇ ಅವರು ರೂಪಿಸಿದ 'ರನ್ನಿಂಗ್ ರೆಕಾರ್ಡ್' ಎಂಬ ಕ್ರಮವನ್ನು ನನ್ನ ಕೋಣೆಗೆ ತಕ್ಕಂತೆ ಮಾಡಿಕೊಂಡದ್ದು ಅದು. ಐದಾರು ಸಾಲುಗಳ, ಮಗು ಹಿಂದೆಂದೂ ನೋಡಿರದ ಒಂದು ಗದ್ಯವನ್ನು ನಾನೇ ಬರೆಯುತ್ತೇನೆ. ಮೊದಲ ಹಾಳೆಯ ಗದ್ಯ ಹೀಗಿತ್ತು: "ಅವ್ವ ರೊಟ್ಟಿ ಬುತ್ತಿ ಕಟ್ಟಿದಳು. ಅಪ್ಪ ಎತ್ತು ಹೂಡಿದನು. ಊರಿನ ಕೆರೆ ದಾಟಿ ಹೊಲಕ್ಕೆ ಹೋದನು. ಮರದಲ್ಲಿ ಗೂಡು ಇತ್ತು. ಗೂಡಿನಲ್ಲಿ ಮರಿ ಇತ್ತು." ದಪ್ಪ ಅಕ್ಷರದ ಪ್ರತಿ ಮಗುವಿನ ಕೈಯಲ್ಲಿ, ಇನ್ನೊಂದು ನನ್ನ ತೊಡೆಯ ಮೇಲೆ. ಸರಿಯಾಗಿ ಓದಿದ ಪದದ ಮೇಲೆ ಒಂದು ಗೀಟು ಎಳೆಯುತ್ತೇನೆ. ತಪ್ಪಿದರೆ ಮಗುವಿನ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಆ ಪದದ ಮೇಲೆ ಬರೆಯುತ್ತೇನೆ. ಬಿಟ್ಟರೆ ಸೊನ್ನೆ, ತಾನಾಗಿಯೇ ತಿದ್ದಿಕೊಂಡರೆ 'ತಾ'. ನಡುವೆ ನಾನು ಬಾಯಿ ಹಾಕುವುದಿಲ್ಲ. ಇದು ಹೇಳಿದಷ್ಟು ಸುಲಭವಲ್ಲ; ತಡವರಿಸುತ್ತಿರುವ ಮಗುವಿಗೆ ಪದ ಹೇಳಿಕೊಡದೆ ಸುಮ್ಮನೆ ಕುಳಿತಿರಲು ನನಗೆ ಹಲವು ವಾರಗಳ ಅಭ್ಯಾಸ ಬೇಕಾಯಿತು.

ಅಂಕಿಗಿಂತ ತಪ್ಪಿನ ರೂಪವೇ ಹೆಚ್ಚು ಹೇಳುತ್ತದೆ ಎಂಬುದು ಆ ಹಾಳೆಗಳಿಂದ ನನಗೆ ತಿಳಿಯಿತು. ಪಟ್ಟಿಯಲ್ಲಿ 'ಪದ' ಎಂಬ ಒಂದೇ ಗುರುತು ಇದ್ದ ಮೂವರು ಮಕ್ಕಳ ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಮೊದಲನೆಯ ಹುಡುಗ ರೊಟ್ಟಿಯನ್ನು 'ರೊಟಿಟ' ಎಂದೂ ಬುತ್ತಿಯನ್ನು 'ಬುತಿತ' ಎಂದೂ ಓದಿದ್ದ. ಅವನಿಗೆ ಗುಡಿಸು ಗೊತ್ತು, ಒತ್ತು ಗೊತ್ತು. ಕಣ್ಣಿಗೆ ಗುಡಿಸು ಮೇಲಿನ ಅಕ್ಷರದ ತಲೆಯ ಮೇಲೆ ಕಂಡರೂ ಕಿವಿಗೆ ಅದು ಒತ್ತಿನ ನಂತರವೇ ಕೇಳಬೇಕು ಎಂಬ ಒಂದೇ ಒಂದು ಸಂಗತಿ ಗೊತ್ತಿಲ್ಲ. ಎರಡನೆಯವಳು ಹೂಡಿದನು ಎಂಬುದನ್ನು 'ಹುಡಿದನು' ಎಂದಳು, ಗೂಡು 'ಗುಡು' ಆಯಿತು, ಊರು 'ಉರು' ಆಯಿತು. ಒತ್ತಕ್ಷರಗಳೆಲ್ಲ ಸರಿಯಾಗಿದ್ದವು, ದೀರ್ಘ ಮಾತ್ರ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂರನೆಯವನು ಹೊಲ ಎಂಬುದನ್ನು 'ಹಲ' ಎಂದ, ಕೆರೆಯನ್ನು 'ಕರ' ಎಂದ. ಅವನು ಮೂಲಾಕ್ಷರಗಳನ್ನಷ್ಟೇ ಹಿಡಿದುಕೊಂಡು ಉಳಿದ ಚಿಹ್ನೆಗಳನ್ನು ದಾಟಿ ಹೋಗುತ್ತಿದ್ದ. ಈ ಮೂವರನ್ನೂ ಒಂದೇ ಗುಂಪಿನಲ್ಲಿ ಕೂರಿಸಿ ನಾನು ವರ್ಷವಿಡೀ ಒಂದೇ ಕಾಗುಣಿತದ ಪಟ್ಟಿಯನ್ನು ಹೇಳಿಸಿದ್ದೆ.

ಮೊದಲನೆಯವನಿಗೆ ಬೇಕಾಗಿದ್ದುದು ನಾಲ್ಕು ದಿನಗಳ ಕೆಲಸ. 'ರೊಟ್' ಎಂದು ಒಂದು ಪಟ್ಟಿಯಲ್ಲಿ, 'ಟಿ' ಎಂದು ಇನ್ನೊಂದರಲ್ಲಿ ಬರೆದು, ಎರಡು ಚಪ್ಪಾಳೆಗೆ ಎರಡನ್ನು ಹೇಳಿಸಿ, ಆಮೇಲೆ ಪಟ್ಟಿಗಳನ್ನು ಕೂಡಿಸಿ 'ರೊಟ್ಟಿ' ಎಂದು ಬರೆದು ತೋರಿಸಿದೆ. ಅಕ್ಕ, ಅಪ್ಪ, ಅಜ್ಜ ಇವುಗಳಿಂದ ಆರಂಭಿಸಿ ಅಜ್ಜಿ, ಹಕ್ಕಿ, ಬುತ್ತಿಗೆ ಬಂದು, ತ, ಮ, ಯ, ರ, ನ, ಲ ಎಂಬ ಅಕ್ಷರಗಳ ಒತ್ತುಗಳು ಮೂಲ ರೂಪವನ್ನು ಹೋಲುವುದಿಲ್ಲವಾದ್ದರಿಂದ ಅವುಗಳನ್ನು ಬೇರೆಯಾಗಿ ಹಿಡಿದೆವು. ಎರಡನೆಯವಳಿಗೆ ಕುಡಿ–ಕೂಡಿ, ನಡು–ನಾಡು, ಮರಿ–ಮಾರಿ ಎಂಬ ಜೋಡಿಗಳು. ದೀರ್ಘ ತಪ್ಪಿದರೆ ಅರ್ಥವೇ ತಪ್ಪುವ ಪದಗಳಾದ್ದರಿಂದ ಅವಳೇ ಎಚ್ಚರಗೊಂಡಳು. ಮೂರನೆಯವನೊಂದಿಗೆ ಇಳಿ ಮತ್ತು ಗುಡಿಸುಗಳಿಂದ ಹೊಸದಾಗಿ ಆರಂಭಿಸಬೇಕಾಯಿತು. ಕೊಂಬಿಗೆ ಬಂದಾಗ ಇಡೀ ಒಂದು ವಾರ ಹಿಡಿಯಿತು, ಏಕೆಂದರೆ ಕು, ಗು, ದುಗಳಲ್ಲಿ ಬಲಬದಿಗೆ ನಿಲ್ಲುವ ಕೊಂಬು ಪು, ವುಗಳಲ್ಲಿ ಅಡಿಯಿಂದ ಹೊರಳಿ ಬರುತ್ತದೆ, ಮತ್ತು 'ವು' ಎಂಬುದು ಮಗುವಿನ ಕಣ್ಣಿಗೆ 'ಮ' ಆಗಿಬಿಡುತ್ತದೆ. 'ಹಾವು' ಎಂಬುದನ್ನು ಅವನು 'ಹಾಮ' ಎಂದು ಓದಿದಾಗ, ಎರಡು ವರ್ಷ ಅವನ ಎದುರಿಗೇ ಇದ್ದ ನನಗೆ ಅವನು ನೋಡುತ್ತಿದ್ದುದು ಏನೆಂದು ಮೊದಲ ಸಲ ತಿಳಿಯಿತು.

ಸಮಯ ಎಲ್ಲಿಂದ ಬರುತ್ತದೆ ಎಂದು ಸಮಾಲೋಚನಾ ಸಭೆಗಳಲ್ಲಿ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಲೆಕ್ಕ ಇಷ್ಟೇ: ಒಂದು ಮಗುವಿಗೆ ನಾಲ್ಕು ನಿಮಿಷ, ದಿನಕ್ಕೆ ಇಬ್ಬರು, 26 ಮಕ್ಕಳಿಗೆ 13 ಶಾಲಾ ದಿನಗಳು. ಉಳಿದ ಮಕ್ಕಳು ಗೆಳೆಯರ ಸಹಾಯದ ತಟ್ಟೆಯಲ್ಲೋ ಸ್ವಕಲಿಕೆಯ ತಟ್ಟೆಯಲ್ಲೋ ಇರುವಾಗ ಈ ಎಂಟು ನಿಮಿಷಗಳನ್ನು ತೆಗೆಯಬಹುದು. ತಪ್ಪಿನ ರೂಪ ಒಂದೇ ಆಗಿರುವ ನಾಲ್ಕೈದು ಮಕ್ಕಳನ್ನು, ಅವರು ಯಾವ ಇಯತ್ತೆಯವರೇ ಆಗಿರಲಿ, ದಿನಕ್ಕೆ ಇಪ್ಪತ್ತು ನಿಮಿಷ ಒಟ್ಟಿಗೆ ಕೂರಿಸುತ್ತೇನೆ. ಎರಡು ವಾರವಾದ ಮೇಲೆ ಹೊಸ ಗದ್ಯ, ಹೊಸ ಹಾಳೆ, ಹೊಸ ಗುಂಪು. ಗುಂಪು ಒಡೆಯದೆ ಹಾಗೆಯೇ ಉಳಿಯಿತೆಂದರೆ ಅದು 'ಹಿಂದುಳಿದವರ ಸಾಲು' ಆಗುತ್ತದೆ, ಮತ್ತು ಮಕ್ಕಳು ಅದನ್ನು ನಮಗಿಂತ ಮೊದಲೇ ಗುರುತಿಸುತ್ತಾರೆ.

ನಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮ ಮಕ್ಕಳು ಮನೆ ಎಂಬುದನ್ನು 'ಮನಿ' ಎಂದು, ಕೆರೆಯನ್ನು 'ಕೆರಿ' ಎಂದು, ಸಂತೆಯನ್ನು 'ಸಂತಿ' ಎಂದು ಓದುತ್ತಾರೆ. 'ಹೋಗಿದ್ದಾರೆ' ಎಂದು ಅಚ್ಚಾಗಿದ್ದರೆ 'ಹೋಗ್ಯಾರ' ಎನ್ನುತ್ತಾರೆ. ಹೊರಗಿನಿಂದ ಬಂದು ಅಳೆಯುವವರು ಇದನ್ನು ತಪ್ಪೆಂದು ಗುರುತಿಸಿದರೆ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಮಕ್ಕಳಿಗೆಲ್ಲ ಎತ್ವ ಬರುವುದಿಲ್ಲ ಎಂಬ ವರದಿ ಸಿದ್ಧವಾಗುತ್ತದೆ. ಪದದ ಆರಂಭದಲ್ಲಿ ಎತ್ವ ಬರುವ 'ಬೆಲ್ಲ', 'ಕೆಸರು' ಎಂಬ ಪದಗಳನ್ನು ಓದಿಸಿ ನೋಡಿದರೆ ಸಂಶಯ ಬಗೆಹರಿಯುತ್ತದೆ. ಬೆಲ್ಲವನ್ನು ಬೆಲ್ಲ ಎಂದೇ ಓದುವ ಮಗುವಿಗೆ ಎತ್ವ ಚೆನ್ನಾಗಿಯೇ ಗೊತ್ತು. ಮನೆಯನ್ನು 'ಮನಿ' ಎನ್ನುವಾಗ ಅದು ಅಚ್ಚಾದದ್ದನ್ನು ಅರ್ಥಮಾಡಿಕೊಂಡು ತನ್ನ ಅವ್ವನ ಮಾತಿಗೆ ತಂದುಕೊಂಡಿದೆ. ಅರ್ಥ ತಿಳಿಯದೆ ಹಾಗೆ ಮಾಡಲು ಸಾಧ್ಯವೇ ಇಲ್ಲ. ನಾನು ಅಂಥ ಕಡೆ ಗೀಟಿನ ಪಕ್ಕ 'ಮಾ' ಎಂದು ಬರೆಯುತ್ತೇನೆ, ಮನೆಮಾತು ಎಂದು, ಮತ್ತು ಅದನ್ನು ಸರಿ ಎಂದೇ ಎಣಿಸುತ್ತೇನೆ. ಬರವಣಿಗೆಯಲ್ಲಿ 'ಮನೆ' ಎಂದು ಬರೆಯುವುದನ್ನು ಕಲಿಸಲು ಬೇರೆ ಅವಧಿ ಇದೆ.

ತಾಂಡಾದಿಂದ ಬರುವ ಮಕ್ಕಳದು ಇದಕ್ಕಿಂತ ಕಠಿಣ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ನನ್ನ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಆ ಮಕ್ಕಳಲ್ಲಿ ಕೆಲವರು ಅಕ್ಷರಗಳನ್ನು ಬೇಗ ಹಿಡಿದು, ಒಂದು ಪದವೂ ತಪ್ಪದೆ ಓದಿಬಿಡುತ್ತಾರೆ. ಗೂಡಿನಲ್ಲಿ ಏನಿತ್ತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಓದು ಮುಗಿದ ಮೇಲೆ ಎರಡು ಪ್ರಶ್ನೆ ಕೇಳುವುದನ್ನು, ಉತ್ತರವನ್ನು ಅವರ ಮಾತಿನಲ್ಲಿಯೇ ಹೇಳಲು ಬಿಟ್ಟು ದೊಡ್ಡ ಮಕ್ಕಳಿಂದ ಅರ್ಥ ತಿಳಿದುಕೊಳ್ಳುವುದನ್ನು ನಾನು ಆರಂಭಿಸಿದ್ದು ಈ ಕಾರಣಕ್ಕೆ. ಅವರಿಗೆ ಬೇಕಾದದ್ದು ಕಾಗುಣಿತದ ಪಾಠವಲ್ಲ, ಮಾತು: ಚಿತ್ರ ಹಿಡಿದು ಕಥೆ ಕಟ್ಟುವುದು, ಹಾಡುವುದು, ಅಂಗಳದಲ್ಲಿ ನಡೆದದ್ದನ್ನು ಕನ್ನಡದಲ್ಲಿ ಹೇಳುವುದು. ಎರಡು ಪ್ರಶ್ನೆ ಕೇಳದೆ ಇದ್ದಿದ್ದರೆ ಆ ಮಕ್ಕಳು ಇಡೀ ಕೋಣೆಗೆ ಮೊದಲಿಗರಾಗಿ ಪಟ್ಟಿಯಲ್ಲಿ ಉಳಿದುಬಿಡುತ್ತಿದ್ದರು.

ವೇಗದ ಬಗ್ಗೆಯೂ ಒಂದು ಮಾತು. 2021ರ ಜುಲೈ 5ರಂದು ಆರಂಭವಾದ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಮಕ್ಕಳೆಲ್ಲ ಅರ್ಥ ಸಹಿತ ಓದಬೇಕು ಎಂಬ ಗುರಿ ಇಟ್ಟಿದೆ. ಮೂರನೇ ತರಗತಿಗೆ ನಿಮಿಷಕ್ಕೆ 60 ಪದಗಳು ಎಂಬುದು ಅದರಲ್ಲೊಂದು. ಕನ್ನಡದ ಪದ ಬೇರೆ ಜಾತಿಯದು. 'ಹೋಗುತ್ತಿದ್ದನು' ಎಂಬುದು ನಮಗೆ ಒಂದೇ ಪದ. ಅದನ್ನೇ ಹಿಂದಿಯಲ್ಲಿ ಹೇಳಲು ಎರಡು ಮೂರು ಪದ ಬೇಕು. 2022ರ ಮಾರ್ಚ್‌ನಲ್ಲಿ ಎನ್‌ಸಿಇಆರ್‌ಟಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನವು 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡಗಳನ್ನು ಗೊತ್ತುಮಾಡಿದ್ದು ಸರಿಯಾದ ದಾರಿ. ನನ್ನ ಕೋಣೆಯಲ್ಲಿ ಗಡಿಯಾರವನ್ನು ನಾನು ಒಂದೇ ಕೆಲಸಕ್ಕೆ ಬಳಸುತ್ತೇನೆ, ಮಗುವನ್ನು ಅದರ ಹಿಂದಿನ ತಿಂಗಳಿನೊಂದಿಗೆ ಹೋಲಿಸಲು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಡೆನೋ 1970-80ರ ದಶಕಗಳಲ್ಲಿ ಒಂದು ನಿಮಿಷದ ಓದನ್ನು ಮತ್ತೆ ಮತ್ತೆ ಅಳೆದು ನಕ್ಷೆಯ ಮೇಲೆ ಗುರುತಿಸುವ ಕ್ರಮವನ್ನು ಬೆಳೆಸಿದ್ದೂ ಇದೇ ಉದ್ದೇಶಕ್ಕೆ: ಗೆರೆ ಏರದಿದ್ದರೆ ಕಲಿಸುವ ರೀತಿಯನ್ನು ಬದಲಿಸಬೇಕಾದವರು ಶಿಕ್ಷಕರು.

ಈ ಕೊನೆಯ ಮಾತು ನಮ್ಮಲ್ಲಿ ತಿರುಗುಮುರುಗಾಗಿದೆ ಎಂದು ನನಗೆ ನೋವಿದೆ. ಒಂದು ವರ್ಷ, ಒಂದು ಸಭೆಯಲ್ಲಿ, ಶಾಲೆಗಳ ಓದಿನ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ಓದಿ, ಕೊನೆಯ ಐದು ಶಾಲೆಗಳ ಶಿಕ್ಷಕರನ್ನು ಎದ್ದು ನಿಲ್ಲಿಸಿದರು. ನಾನು ನಿಂತವರಲ್ಲಿ ಒಬ್ಬಳು. ಮುಂದಿನ ಸಲದ ಪಟ್ಟಿಯಲ್ಲಿ ಎಲ್ಲರ ಅಂಕಿಗಳೂ ಏರಿದ್ದವು. ಮಕ್ಕಳು ಮಾತ್ರ ಮೊದಲಿನಷ್ಟೇ ಓದುತ್ತಿದ್ದರು. ಅವಮಾನದ ಭಯವಿರುವಲ್ಲಿ 'ಅಕ್ಷರ' ಎಂದು ನಿಜ ಬರೆಯಲು ಯಾರ ಕೈಯೂ ಬರುವುದಿಲ್ಲ, ನಿಜ ಬರೆಯದಿದ್ದರೆ ಆ ಮಗುವಿಗೆ ಸಹಾಯವೂ ಬರುವುದಿಲ್ಲ. ಮಕ್ಕಳ ಪ್ರಗತಿ ದಾಖಲಿಸುವ ಸರ್ಕಾರಿ ಜಾಲತಾಣ ಸ್ಯಾಟ್ಸ್‌ಗೆ ಹೋಗುವ ಅಂಕಿ, ಕ್ಲಸ್ಟರಿಗೆ ಹೋಗುವ ನಮೂನೆ, ಮತ್ತೊಂದು ಯೋಜನೆಗೆ ಹೋಗುವ ಇನ್ನೊಂದು ನಮೂನೆ ಇವೆಲ್ಲವನ್ನೂ ತುಂಬಲು ನಾನು ಸಿದ್ಧಳಿದ್ದೇನೆ. ಬದಲಿಗೆ ಒಂದೇ ಒಂದು ಪ್ರಶ್ನೆಯನ್ನು ಮೇಲಿನಿಂದ ಬರುವವರು ಕೇಳಲಿ ಎಂಬುದು ನನ್ನ ಬೇಡಿಕೆ: ಈ ಮಗುವಿನ ತಪ್ಪು ಎಂಥದ್ದು, ನೀವು ಈ ವಾರ ಅದಕ್ಕೆ ಏನು ಮಾಡುತ್ತಿದ್ದೀರಿ?

ಆ ಹುಡುಗಿಯ ಮೊದಲ ಹಾಳೆಯಲ್ಲಿ ಗೀಟುಗಳಿಗಿಂತ ಸೊನ್ನೆಗಳೇ ಹೆಚ್ಚು. ಅವಳ ನೆನಪಿನ ಶಕ್ತಿ ದೊಡ್ಡದು. ಕೇಳಿದ್ದನ್ನು ಎರಡೇ ಸಲಕ್ಕೆ ಬಾಯಿಪಾಠ ಮಾಡುತ್ತಿದ್ದುದರಿಂದ ಅಕ್ಷರ ನೋಡುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಆ ಶಕ್ತಿಯನ್ನೇ ಹಿಡಿದೆ. ಅವಳು ಹೇಳುವ ಕಥೆಯನ್ನು ನಾನು ಬರೆದು, ಸಾಲುಗಳನ್ನು ಕತ್ತರಿಸಿ ಕಲಸಿ ಕೊಡುತ್ತಿದ್ದೆ. ತನ್ನ ಕಥೆ ತಿರುಗಿ ಸರಿಯಾಗಬೇಕಾದರೆ ಪ್ರತಿ ಪದವನ್ನೂ ನೋಡಲೇಬೇಕಿತ್ತು. ದಸರಾ ರಜೆ ಮುಗಿದ ಮೇಲೆ ಅವಳ ಅಪ್ಪ-ಅವ್ವ ಕಬ್ಬು ಕಡಿಯಲು ಹೊರಟರು, ಅವಳೂ ಹೊರಟಳು. ಹೋಗುವ ಮುನ್ನ ಅವಳ ಅವ್ವ ಶಾಲೆಯ ಬಾಗಿಲಿಗೆ ಬಂದು, "ಓದಾಕ ಹತ್ತ್ಯಾಳೇನ್ರೀ ಅಕ್ಕೋರ?" ಎಂದು ಕೇಳಿದರು. ಅಲ್ಲಿಯವರೆಗಿನ ಹಾಳೆಗಳನ್ನು ತೋರಿಸಿದೆ. ಅವರಿಗೆ ಓದಲು ಬಾರದು, ಆದರೆ ಗೀಟುಗಳು ಹೆಚ್ಚಿದ್ದನ್ನು, ಸೊನ್ನೆಗಳು ಕಡಿಮೆಯಾದದ್ದನ್ನು ಬೆರಳಿಟ್ಟು ಎಣಿಸಿದರು. ಕೊನೆಯ ಹಾಳೆಯ ಪ್ರತಿಯೊಂದನ್ನು, ಅಲ್ಲಿ ಯಾವುದಾದರೂ ಶಾಲೆಗೆ ಹೋದರೆ ತೋರಿಸಿ ಎಂದು ಮಡಚಿ ಅವರ ಕೈಗೆ ಕೊಟ್ಟೆ.

ಅವಳು ತಿರುಗಿ ಬಂದದ್ದು ಫೆಬ್ರುವರಿ ಕೊನೆಗೆ. ಹಾಳೆ ಸೆರಗಿನ ಗಂಟಿನಲ್ಲಿ ಸವೆದು ಹಾಗೆಯೇ ಇತ್ತು, ಯಾವ ಶಾಲೆಯೂ ಅದನ್ನು ನೋಡಿರಲಿಲ್ಲ. ನಾಲ್ಕು ತಿಂಗಳ ಅಂತರದಲ್ಲಿ ಎಲ್ಲ ಅಳಿಸಿಹೋಗಿರಬಹುದೆಂಬ ಅಳುಕಿನಲ್ಲಿ ಹೊಸ ಗದ್ಯವೊಂದನ್ನು ಅವಳ ಮುಂದಿಟ್ಟೆ. ನಿಧಾನವಾಗಿ ಓದಿದಳು, ಬೆರಳು ಮತ್ತು ದನಿ ಒಂದೇ ಪದದ ಮೇಲಿದ್ದವು. 'ಹುವು' ಎಂದು ಓದಿ, ನಿಂತು, ಬೆರಳನ್ನು ಹಿಂದಕ್ಕೆ ತಂದು 'ಹೂವು' ಎಂದಳು. ಆ ಹಾಳೆಯಲ್ಲಿ ಮೂರು ಕಡೆ 'ತಾ' ಎಂದು ಬರೆದಿದ್ದೇನೆ. 'ಪುಸ್ತಕ'ದಲ್ಲಿ 'ಸ್ತ' ಬಂದಾಗ ಮಾತ್ರ ನಿಂತುಬಿಟ್ಟಳು. ಬೇರೆ ಬೇರೆ ಅಕ್ಷರಗಳು ಕೂಡುವ ಒತ್ತು ಇನ್ನೂ ಆಗಬೇಕು. ಅದೇ ಕಡೆ ತೊಡರುವ ಇನ್ನಿಬ್ಬರು ಎರಡನೇ ಇಯತ್ತೆಯಲ್ಲಿದ್ದಾರೆ. ಸೋಮವಾರದಿಂದ ಮೂವರನ್ನೂ ಒಂದೇ ಜಮಖಾನದ ಮೇಲೆ ಕೂರಿಸಬೇಕು. ಅವರಿಗಾಗಿ 'ಪುಸ್', 'ತಕ' ಎಂದು ಎರಡು ಪಟ್ಟಿಗಳನ್ನು ಬರೆದು ಮೇಜಿನ ಮೇಲಿಟ್ಟು ಬಂದಿದ್ದೇನೆ.